ಕಿವಿಯೋಲೆಯ ತೂತಿನ ಸುತ್ತ ಬಿರುಕು: ನಾನು ಸರಿಮಾಡಿದ್ದು ಹೀಗೆ

3 ಮಿ.ಮೀ. ದಪ್ಪದ ಕೆಂಪು ಅಕ್ರಿಲಿಕ್ ಹಾಳೆಯಲ್ಲಿ ಓಲೆ ಕತ್ತರಿಸಿ, ಕೊಕ್ಕೆಗೆ ತೂತು ಕೊರೆದು, ಸ್ಪಿರಿಟ್‌ನಿಂದ ಒರೆಸಿಟ್ಟೆ. ಬೆಳಗ್ಗೆ ನೋಡಿದರೆ ತೂತಿನ ಸುತ್ತ ಕೂದಲೆಳೆಯಂಥ ಬಿರುಕುಗಳು! ಹಾಳೆಯೇ ಕಳಪೆ ಅಂತ ಸುಮ್ನೆ ಬೈದುಕೊಂಡೆ. ತಪ್ಪು ನನ್ನದೇ. ಡ್ರಿಲ್ ಜೋರಾಗಿ ತಿರುಗಿ ಬಿಸಿಯಾದರೆ ಪ್ಲಾಸ್ಟಿಕ್ ಒಳಗೆ ಬಿಗಿತ ಉಳಿಯುತ್ತದೆ. ಅಲ್ಲಿಗೆ ಸ್ಪಿರಿಟ್ ತಾಗಿದರೆ ಸೀಳುತ್ತದೆ.

ಈಗ ನಿಧಾನವಾಗಿ, ನಡುನಡುವೆ ಡ್ರಿಲ್‌ನ ಬಿಟ್ (ಕೊರೆಯುವ ಮೊನೆ) ಹೊರಗೆಳೆದು ಕೊರೆಯುತ್ತೇನೆ. ಹೊಟ್ಟು ಸುರುಳಿಯಾಗಿ ಬಂದರೆ ಸರಿ, ಕರಗಿ ಅಂಟಿಕೊಂಡರೆ ಬಿಸಿ ಜಾಸ್ತಿ ಆಯಿತು ಅಂತಲೇ. ಆಮೇಲೆ ಒಳಗಿನ ಬಿಗಿತ ಸಡಿಲವಾಗಲಿ ಅಂತ ಅಡುಗೆಗೆ ಬಳಸದ ಹಳೆ ಓವನ್‌ನಲ್ಲಿ 80 ಡಿಗ್ರಿಯಲ್ಲಿ 3 ಗಂಟೆ ಇಟ್ಟು, ಬಾಗಿಲು ತೆರೆಯದೆ ಅಲ್ಲೇ ಆರಲು ಬಿಡುತ್ತೇನೆ. 100 ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ನನ್ನ ಒಂದು ಜೊತೆ ಹಾಗೇ ಹೋಯಿತು. ಒರೆಸಲು ಸೋಪಿನ ನೀರು ಸಾಕು. ಬಿರುಕು ಬಿಟ್ಟವು ಈಗ ಮಗಳ ಗೊಂಬೆಯ ಕಿವಿಯಲ್ಲಿವೆ.