ಹಳೆ ಲ್ಯಾಪ್‌ಟಾಪ್‌ಗೆ ಸರಿಯಾದ ಡ್ರೈವರ್ ಹುಡುಕುವುದು ಹೇಗೆ?

ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು. ಆನ್ ಮಾಡಿದರೆ ವೈಫೈ ಇಲ್ಲ, ಸೌಂಡ್ ಇಲ್ಲ, ಟಚ್‌ಪ್ಯಾಡ್ ಅರ್ಧಂಬರ್ಧ. ಕಾರಣ, ಆ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲ. ಆಗ ಜಾಸ್ತಿ ಜನ ಮಾಡುವ ಕೆಲಸ ಒಂದೇ. ಲ್ಯಾಪ್‌ಟಾಪ್ ಹೆಸರಿನ ಪಕ್ಕದಲ್ಲಿ ‘ಡ್ರೈವರ್ ಫ್ರೀ ಡೌನ್‌ಲೋಡ್’ ಅಂತ ಟೈಪ್ ಮಾಡಿ, ಮೊದಲು ಕಾಣುವ ದೊಡ್ಡ ಹಸಿರು ಬಟನ್ ಒತ್ತುತ್ತಾರೆ. ವೈಫೈ ಬರುವುದಿಲ್ಲ, ವೈರಸ್ ಬರುತ್ತದೆ. ಕೊನೆಗೆ ‘ಇದು ಹಳೇದಾಯ್ತು, ಗುಜರಿಗೆ ಹಾಕಿ’ ಎಂಬ ತೀರ್ಪು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್‌ಗಳು ಇನ್ನೂ ಗಟ್ಟಿಯಾಗಿರುತ್ತವೆ. ಅವಕ್ಕೆ ಬೇಕಾದ ಡ್ರೈವರ್ ಸಿಗುತ್ತದೆ, ಹುಡುಕುವ ದಾರಿ ಗೊತ್ತಿರಬೇಕು ಅಷ್ಟೇ.

ಹಂತ 1: ಫಾರ್ಮ್ಯಾಟ್ ಮಾಡುವ ಮುಂಚೆ

ಇನ್ನೂ ಫಾರ್ಮ್ಯಾಟ್ ಆಗಿಲ್ಲ ಅಂದರೆ ಅರ್ಧ ಕೆಲಸ ತಪ್ಪಿತು. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಂ32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ ಎಂಬ ಫೋಲ್ಡರ್ ಇದೆ. ಅದನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಈಗ ಕೆಲಸ ಮಾಡುತ್ತಿರುವ ಡ್ರೈವರ್‌ಗಳೆಲ್ಲ ಅದರಲ್ಲೇ ಇರುತ್ತವೆ.

ಹಂತ 2: ಇಂಟರ್ನೆಟ್

ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ವಿಂಡೋಸ್ 10 ತಾನೇ ಗುರುತಿಸುತ್ತದೆ.

ಹಂತ 3: ವಿಂಡೋಸ್ ಅಪ್‌ಡೇಟ್

ಅಪ್‌ಡೇಟ್ ಓಡಿಸಿ, ರೀಸ್ಟಾರ್ಟ್ ಮಾಡಿ, ಇನ್ನೊಮ್ಮೆ ಓಡಿಸಿ. ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೂ ಇಣುಕಿ ನೋಡಿ, ಡ್ರೈವರ್‌ಗಳು ಅಲ್ಲಿ ಬೇರೆಯಾಗಿ ಕೂತಿರುತ್ತವೆ.

ಹಂತ 4: ಬಿಡಿಭಾಗದ ನಂಬರ್ ಓದುವುದು

ಎಲ್ಲರೂ ಎಡವುವುದು ಇಲ್ಲೇ. ಲ್ಯಾಪ್‌ಟಾಪ್ ಹೆಸರಿನಿಂದ ಹುಡುಕಬೇಡಿ. ಒಂದೇ ಮಾಡೆಲ್‌ನಲ್ಲಿ ಒಂದಕ್ಕೆ ಇಂಟೆಲ್ ವೈಫೈ ಕಾರ್ಡ್, ಇನ್ನೊಂದಕ್ಕೆ ಬ್ರಾಡ್‌ಕಾಮ್, ಮತ್ತೊಂದಕ್ಕೆ ರಿಯಲ್‌ಟೆಕ್ ಹಾಕಿರುತ್ತಾರೆ. ಹತ್ತು ಮಂಜುನಾಥರಿರುವ ಬೀದಿಯಲ್ಲಿ ಮನೆ ನಂಬರ್ ಕೇಳಲೇಬೇಕು ಅಲ್ವಾ? ಇಲ್ಲೂ ಹಾಗೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಡ್ರೈವರ್ ಇಲ್ಲದ ಭಾಗಗಳ ಮೇಲೆ ಹಳದಿ ಗುರುತು ಇರುತ್ತದೆ. ಅದರ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ನಂತರ ‘ಡೀಟೇಲ್ಸ್’. ಅಲ್ಲಿನ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ಉದ್ದುದ್ದ ಸಾಲುಗಳು ಬರುತ್ತವೆ. ಗಾಬರಿ ಬೇಡ, ಅದರಲ್ಲಿ ಓದಬೇಕಾದದ್ದು ಮೂರೇ ತುಂಡು.

‘ವೆನ್’ ಮುಂದಿನ ನಾಲ್ಕು ಅಕ್ಷರ ಚಿಪ್ ಮಾಡಿದ ಕಂಪನಿಯದು. 8086 ಅಂದರೆ ಇಂಟೆಲ್. 10ಇಸಿ ರಿಯಲ್‌ಟೆಕ್. 14ಇ4 ಬ್ರಾಡ್‌ಕಾಮ್. 168ಸಿ ಅಥೆರೋಸ್. 10ಡಿಇ ಎನ್‌ವಿಡಿಯಾ. 1002 ಎಎಂಡಿ.

‘ಡೆವ್’ ಮುಂದಿನದು ಆ ಕಂಪನಿಯ ಯಾವ ಚಿಪ್ ಅಂತ ಹೇಳುತ್ತದೆ. 168ಸಿ ಜೊತೆ 0032 ಇದ್ದರೆ ಅದು ಅಥೆರೋಸ್ ಎಆರ್9485 ವೈಫೈ. 14ಇ4 ಜೊತೆ 4727 ಇದ್ದರೆ ಬ್ರಾಡ್‌ಕಾಮ್ 4313.

‘ಸಬ್‌ಸಿಸ್’ ಎಂಬುದರ ಕೊನೆಯ ನಾಲ್ಕು ಅಕ್ಷರ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಕಂಪನಿಯದು. 1028 ಡೆಲ್, 103ಸಿ ಎಚ್‌ಪಿ, 17ಎಎ ಲೆನೊವೊ, 1025 ಏಸರ್. ವೈಫೈಗೆ ಇದು ಅಷ್ಟಾಗಿ ಬೇಕಾಗುವುದಿಲ್ಲ. ಸೌಂಡ್ ಮತ್ತು ಗ್ರಾಫಿಕ್ಸ್‌ಗೆ ಬೇಕು. ಡೆಲ್‌ಗೆಂದು ಮಾಡಿದ ಸೌಂಡ್ ಡ್ರೈವರನ್ನು ಏಸರ್‌ಗೆ ಹಾಕಿದರೆ ಸ್ಪೀಕರ್ ಹಾಡಬಹುದು, ಹೆಡ್‌ಫೋನ್ ಚುಚ್ಚಿದರೆ ಸದ್ದೇ ಬರದೆ ಹೋಗಬಹುದು.

ಕೆಲವು ಹೆಸರುಗಳು ದಾರಿ ತಪ್ಪಿಸುತ್ತವೆ. ‘ಎಸ್‌ಎಂ ಬಸ್ ಕಂಟ್ರೋಲರ್’ ಅಂತ ಕಂಡರೆ ಬೇಕಾದದ್ದು ಚಿಪ್‌ಸೆಟ್ ಡ್ರೈವರ್. ‘ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್’ ಅಂದರೆ ಇಂಟೆಲ್ ಯಂತ್ರಗಳಲ್ಲಿ ಬಹುತೇಕ ‘ಮ್ಯಾನೇಜ್‌ಮೆಂಟ್ ಎಂಜಿನ್’ ಎಂಬ ಭಾಗ. ‘ಬೇಸ್ ಸಿಸ್ಟಂ ಡಿವೈಸ್’ ಹೆಚ್ಚಾಗಿ ಮೆಮೊರಿ ಕಾರ್ಡ್ ರೀಡರ್. ಡೆಲ್‌ನಲ್ಲಿ ‘ಅನ್‌ನೋನ್ ಡಿವೈಸ್’ ಇದ್ದು, ನಂಬರ್ ಎಸ್‌ಎಂಒ8800 ಅಂತಿದ್ದರೆ ಅದು ಲ್ಯಾಪ್‌ಟಾಪ್ ಕೆಳಗೆ ಬಿದ್ದಾಗ ಹಾರ್ಡ್ ಡಿಸ್ಕ್ ಉಳಿಸುವ ಸೆನ್ಸರ್. ನೀವು ಎಸ್‌ಎಸ್‌ಡಿ ಹಾಕಿಸಿದ್ದರೆ ಅದಕ್ಕಾಗಿ ಒದ್ದಾಡಬೇಡಿ. ಹಳದಿ ಗುರುತು ಇದ್ದರೆ ಇರಲಿ ಬಿಡಿ.

ಹಂತ 5: ಎಲ್ಲಿ ಹುಡುಕಬೇಕು

ಮೊದಲು ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟ. ಡೆಲ್ ಆದರೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಕೊಡಿ. ತಳದ ಸ್ಟಿಕ್ಕರ್ ಅಳಿಸಿ ಹೋಗಿದ್ದರೆ ಬಯೋಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ ಸಾಫ್ಟ್‌ವೇರ್) ಪರದೆಯಲ್ಲಿ ಸಿಗುತ್ತದೆ. ಅಲ್ಲಿ ವಿಂಡೋಸ್ 10ಕ್ಕೆ ಏನೂ ಇಲ್ಲದಿದ್ದರೆ 8.1 ಅಥವಾ 7ರ ಪಟ್ಟಿ ನೋಡಿ. ಅವು ಎಷ್ಟೋ ಸಲ 10ರಲ್ಲೂ ನಡೆಯುತ್ತವೆ. ಆದರೆ 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ಗೆ ಹತ್ತುವುದಿಲ್ಲ.

ಅಲ್ಲಿ ಸಿಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕೆಟಲಾಗ್ ಎಂಬ ತಾಣ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾರ್ಡ್‌ವೇರ್ ಐಡಿ ಸಾಲನ್ನು ಕಾಪಿ ಮಾಡಿ, ಸಬ್‌ಸಿಸ್ ಭಾಗದಿಂದ ಮುಂದಿನದನ್ನು ಅಳಿಸಿ, ಉಳಿದದ್ದನ್ನು ಹುಡುಕುವ ಜಾಗದಲ್ಲಿ ಹಾಕಿ. ಬರುವ ಫೈಲ್ ‘ಕ್ಯಾಬ್’ ರೂಪದಲ್ಲಿರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಆಗುವುದಿಲ್ಲ. ಫೈಲ್ ಕೆಟ್ಟಿದೆ ಅಂದುಕೊಂಡು ಅಳಿಸಿ ಹಾಕುವವರೇ ಜಾಸ್ತಿ. 7-ಜಿಪ್ ಸಾಫ್ಟ್‌ವೇರ್‌ನಲ್ಲಿ ಒಂದು ಫೋಲ್ಡರ್‌ಗೆ ಬಿಡಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’ ಒತ್ತಿ ಆ ಫೋಲ್ಡರ್ ತೋರಿಸಿ. ಹಂತ 1ರಲ್ಲಿ ಉಳಿಸಿಕೊಂಡ ಫೋಲ್ಡರನ್ನೂ ಹೀಗೇ ತೋರಿಸಬಹುದು.

ಕಂಪನಿಯೇ ಕೈ ಬದಲಾಗಿದ್ದರೆ ಹೊಸ ಹೆಸರು ತಿಳಿದಿರಬೇಕು. ತೋಷಿಬಾ ಲ್ಯಾಪ್‌ಟಾಪ್‌ಗೆ ಈಗ ಡೈನಾಬುಕ್ ತಾಣ ನೋಡಬೇಕು. ಕಾಂಪ್ಯಾಕ್ 2002ರಲ್ಲೇ ಎಚ್‌ಪಿಗೆ ಸೇರಿತು. ಸೋನಿ ವಯೋ ವಿಭಾಗವನ್ನು 2014ರಲ್ಲಿ ಮಾರಿತು. ಇಂಟೆಲ್ 2019ರಲ್ಲಿ ತೀರಾ ಹಳೆಯ ಡ್ರೈವರ್, ಬಯೋಸ್ ಫೈಲ್‌ಗಳನ್ನು ತನ್ನ ತಾಣದಿಂದ ತೆಗೆಯಿತು. ಇಂಥ ಕಡೆ ಹಳೆ ಪುಟದ ವಿಳಾಸವನ್ನು, ಹಳೆಯ ಜಾಲತಾಣಗಳ ಪ್ರತಿ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟು ನೋಡಿ, ಕೆಲವೊಮ್ಮೆ ಫೈಲೂ ಸಿಗುತ್ತದೆ. ಎಲ್ಲಿಂದ ಇಳಿಸಿದರೂ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ನೋಡಿ. ಬೇರೆಯವರ ತಾಣದಿಂದ ಬಂದ ಫೈಲ್‌ಗೆ ಸಹಿ ಇಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ.

‘ಡ್ರೈವರ್ ಅಪ್‌ಡೇಟರ್’ ಅಂತ ದುಡ್ಡು ಕೇಳುವ ಸಾಫ್ಟ್‌ವೇರ್‌ಗಳ ಬಗ್ಗೆ ಒಂದು ಮಾತು. ನಿಮ್ಮ ಡ್ರೈವರ್ 2006ರದ್ದು, ತುಂಬಾ ಹಳೇದು ಅಂತ ಅವು ಕೆಂಪಕ್ಷರದಲ್ಲಿ ಹೆದರಿಸುತ್ತವೆ. ಅಸಲಿಗೆ ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕಂತಲೇ 2006ರ ಜೂನ್ 21 ಎಂಬ ತಾರೀಖು ಹಾಕುತ್ತದೆ. ಕಂಪನಿಯ ಡ್ರೈವರ್ ಸಿಕ್ಕಾಗ ಅದಕ್ಕೆ ದಾರಿ ಬಿಡಲಿ ಅಂತ. ಇಂಟೆಲ್ ಚಿಪ್‌ಸೆಟ್ ಡ್ರೈವರ್‌ಗಳಲ್ಲಂತೂ 1968ರ ಜುಲೈ 18 ಅಂತ ಇರುತ್ತದೆ, ಅದು ಇಂಟೆಲ್ ಹುಟ್ಟಿದ ದಿನ! ತಾರೀಖು ನೋಡಿ ದುಡ್ಡು ಕಟ್ಟಬೇಡಿ.

ಹಂತ 6: ಬಯೋಸ್

ಕಾರಣ ಇಲ್ಲದೆ ಬಯೋಸ್ ಅಪ್‌ಡೇಟ್ ಮಾಡಬೇಡಿ. ಸೆಕ್ಯುರಿಟಿ ತೊಂದರೆ ಸರಿಪಡಿಸಿದ್ದಾರೆ, ಫ್ಯಾನ್ ಸುಮ್ನೆ ಕಿರುಚುವುದು ನಿಲ್ಲುತ್ತದೆ ಅಂತ ಕಂಪನಿಯೇ ಬರೆದಿದ್ದರೆ ಮಾಡಿ. ಫೈಲ್ ಕಂಪನಿಯ ತಾಣದಿಂದಲೇ ಬರಬೇಕು, ಮಾಡೆಲ್ ಅಕ್ಷರ ಅಕ್ಷರ ಹೊಂದಬೇಕು. ಇದರಲ್ಲಿ ‘ಹತ್ತಿರದ ಮಾಡೆಲ್’ ನಡೆಯುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ. ಚಾರ್ಜರ್ ಹಾಕಿರಲಿ, ಬ್ಯಾಟರಿಯಲ್ಲೂ ಚಾರ್ಜ್ ಇರಲಿ. ಸತ್ತ ಬ್ಯಾಟರಿ ಇಟ್ಟುಕೊಂಡು, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಕೂತು ಈ ಕೆಲಸಕ್ಕೆ ಕೈ ಹಾಕಬಾರದು. ಬ್ಯಾಟರಿ ಇಲ್ಲದಿದ್ದರೆ ಬಯೋಸ್ ಬರೆಯಲು ಬಿಡದ ಲ್ಯಾಪ್‌ಟಾಪ್‌ಗಳಿವೆ. ಆ ತಡೆಯನ್ನು ತಪ್ಪಿಸುವ ಕಳ್ಳದಾರಿ ಹೇಳಿಕೊಡುವ ವಿಡಿಯೊಗಳೂ ಇವೆ. ಆ ಕಡೆ ಹೋಗಬೇಡಿ. ಅರ್ಧಕ್ಕೆ ನಿಂತರೆ ಚಿಪ್ ತೆಗೆದು ಪ್ರೋಗ್ರಾಮರ್ ಎಂಬ ಉಪಕರಣದಲ್ಲಿ ಬರೆಯುವವರನ್ನು ಹುಡುಕಬೇಕಾಗುತ್ತದೆ.

ಹಂತ 7: ಲಿನಕ್ಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆ ಯಂತ್ರಗಳಿಗೆ 11 ಅಧಿಕೃತವಾಗಿ ಹತ್ತುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಮಿಂಟ್ ಅಥವಾ ಡೆಬಿಯನ್ ಆವೃತ್ತಿ ಹಾಕಿ ಅಂತಲೇ ನನ್ನ ಸಲಹೆ. ಅಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇರುತ್ತವೆ. ಕೊರತೆ ಬೀಳುವುದು ಫರ್ಮ್‌ವೇರ್, ಅಂದರೆ ವೈಫೈ ಚಿಪ್‌ಗೆ ತುಂಬಬೇಕಾದ ಪುಟ್ಟ ಫೈಲ್. 2023ರ ಡೆಬಿಯನ್ 12ರಿಂದ ಅದೂ ಇನ್‌ಸ್ಟಾಲರ್ ಜೊತೆಗೇ ಬರುತ್ತಿದೆ.

ಆದರೂ ತಕರಾರು ಮಾಡುವುದು ಹಳೆ ಬ್ರಾಡ್‌ಕಾಮ್. ನಂಬರ್ 14ಇ4 ಅಂತಿದ್ದರೆ ಟೆದರಿಂಗ್ ಆನ್ ಮಾಡಿ, ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆದು ನೋಡಿ. ಆಗಲೂ ಬರದಿದ್ದರೆ ಒಳಗಿನ ಕಾರ್ಡನ್ನೇ ಬದಲಿಸೋಣ ಅಂತ ಅಂಗಡಿಯವರು ಹೇಳಬಹುದು. ಒಪ್ಪುವ ಮುಂಚೆ ವಿಚಾರಿಸಿ. ಹಳೆಯ ಥಿಂಕ್‌ಪ್ಯಾಡ್ ಮತ್ತು ಎಚ್‌ಪಿಗಳ ಬಯೋಸ್‌ನಲ್ಲಿ ಇಂಥದೇ ಕಾರ್ಡ್ ಆಗಬೇಕೆಂಬ ಪಟ್ಟಿ ಇರುತ್ತದೆ. ಬೇರೆ ಕಾರ್ಡ್ ಹಾಕಿದರೆ ಥಿಂಕ್‌ಪ್ಯಾಡ್ 1802 ಎಂಬ ಎರರ್ ತೋರಿಸಿ ಮುಂದಕ್ಕೇ ಹೋಗುವುದಿಲ್ಲ. ಅದರ ಬದಲು ಒಂದು ಸಣ್ಣ ಯುಎಸ್‌ಬಿ ವೈಫೈ ಡಾಂಗಲ್ ತೆಗೆದುಕೊಳ್ಳಿ. ಲಿನಕ್ಸ್‌ನಲ್ಲಿ ನಡೆಯುವ ಚಿಪ್ ಹೌದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.