ಒಣಮೀನಿನ ಪಕ್ಕಕ್ಕೊಂದು ಹರಿವೆ ಪಲ್ಯ

ಮಳೆಗಾಲದಲ್ಲಿ ದೋಣಿ ದಡ ಸೇರಿದ ಮೇಲೆ ಕಾರವಾರ, ಅಂಕೋಲಾ ಕಡೆ ಗಂಜಿಗೆ ಒಣಮೀನೇ ಗತಿ. ಘಟ್ಟ ಹತ್ತಿ ಶಿರಸಿಗೆ ಹೋದರೆ ಅದೇ ಗಂಜಿಗೆ ಅಪ್ಪೆಮಿಡಿ. ಬಿಪಿ ಬಂತೆಂದರೆ ಡಾಕ್ಟರು ಮೊದಲು ಬೇಡ ಅನ್ನುವುದು ಇವನ್ನೇ. ನಾಲ್ಕು ದಿನ ಬಿಟ್ಟು ಐದನೇ ದಿನ ನಾವು ಮತ್ತೆ ಭರಣಿಗೆ ಕೈ ಹಾಕುತ್ತೇವೆ. ಉಪ್ಪು ಇಳಿಸಲೇಬೇಕು, ಆ ಮಾತಿನಲ್ಲಿ ರಿಯಾಯಿತಿ ಇಲ್ಲ. ಜೊತೆಗೆ ಅದೇ ತಟ್ಟೆಗೆ ಸೊಪ್ಪು, ಹಣ್ಣಿನಲ್ಲಿರುವ ಪೊಟ್ಯಾಶಿಯಂ ಎಂಬ ಖನಿಜ ಸೇರಿಸಿದರೆ ರಕ್ತನಾಳಕ್ಕೆ ಅರ್ಧ ಆಸರೆ ಸಿಕ್ಕಂತೆ.

ರಕ್ತನಾಳದ ಒಳಮೈಗೆ ತೆಳುವಾದ ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ಅದರಿಂದ ನಾಳ ಸಡಿಲಗೊಂಡು ಹಿಗ್ಗುತ್ತದೆ. ಉಪ್ಪು ಜಾಸ್ತಿಯಾದರೆ ಈ ಕೆಲಸ ಕುಂಟುತ್ತದೆ, ನಾಳ ಬಿಗಿಯಾಗುತ್ತದೆ. ಬಿಪಿ ಇಲ್ಲದವರಲ್ಲೂ, ಉಪ್ಪುಪ್ಪಾದ ಒಂದೇ ಊಟದ ನಂತರವೂ ಇದು ಕಂಡುಬಂದಿದೆ. ಪೊಟ್ಯಾಶಿಯಂ ಎರಡು ಕಡೆ ನೆರವಿಗೆ ಬರುತ್ತದೆ: ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ, ಮೂತ್ರಪಿಂಡದಲ್ಲಿ ಉಪ್ಪಿನೊಳಗಿನ ಸೋಡಿಯಂ ವಾಪಸು ಹೀರುವ ಬಾಗಿಲನ್ನು ಅರೆ ಮುಚ್ಚುತ್ತದೆ. ಹೆಚ್ಚಿನ ಉಪ್ಪು ಮೂತ್ರದಲ್ಲಿ ಹೊರಗೆ ಹೋಗುತ್ತದೆ.

ಮೊದಲು ಪ್ಯಾಕೆಟ್ ಲೆಕ್ಕ. ಉಪ್ಪಿನ ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆದಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ. ನಾಲ್ವರಿರುವ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ ತಿಂಗಳಲ್ಲೇ ಖಾಲಿಯಾದರೆ ತಲೆಗೆ 8 ಗ್ರಾಂ ದಾಟಿತು. ಹಪ್ಪಳ, ಉಪ್ಪಿನಕಾಯಿ, ಒಣಮೀನಿನದ್ದು ಬೇರೆ.

“ನಮ್ಮದು ಸಾಣಿಕಟ್ಟಾ ಕಲ್ಲುಪ್ಪು ಮಾರಾಯ್ರೆ, ಎಂತ ಆಗೂದಿಲ್ಲ” ಎಂದು ನೆರೆಮನೆಯವರು ನನಗೆ ಹತ್ತು ಸಲ ಹೇಳಿದ್ದಾರೆ. ಗೋಕರ್ಣದ ಹತ್ತಿರದ ಆ ಆಗರದ ಉಪ್ಪಿನ ಮೇಲೆ ನನಗೂ ಪ್ರೀತಿಯೇ. ಆದರೆ ಅದೂ ಸೋಡಿಯಂ ಕ್ಲೋರೈಡೇ. ಹರಳುಗಳ ನಡುವೆ ಸಂದು ಇರುವುದರಿಂದ ಒಂದು ಚಮಚ ಕಲ್ಲುಪ್ಪು ಪುಡಿ ಉಪ್ಪಿಗಿಂತ ತೂಕದಲ್ಲಿ ಕಡಿಮೆ ಬರುತ್ತದೆ, ಅಷ್ಟೇ.

ಆಮೇಲೆ ಒಣಮೀನು. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ, ಇನ್ನೊಂದು ಸಲ ನೆನೆಸಿ. ಮೊದಲ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡಿ. ನಮ್ಮ ಆಯಿ ಒಮ್ಮೆ ಹಾಗೆ ಮಾಡಿ ಮುಖ ಕಿವುಚಿದ ಮೇಲೆ ತೊಳೆಯದ ಮೀನನ್ನು ಒಲೆಗಿಟ್ಟಿಲ್ಲ. ನೆನೆಸಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ, ಹಾಗಾಗಿ ಮಸಾಲೆಗೆ ಮತ್ತೆ ಹಾಕಬೇಡಿ. ಅಪ್ಪೆಮಿಡಿಯಾದರೆ ಮಿಡಿ ತೆಗೆದುಕೊಳ್ಳಿ, ರಸ ಭರಣಿಯಲ್ಲೇ ಇರಲಿ.

ಈಗ ಪೊಟ್ಯಾಶಿಯಂ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಬೇಕು. ಅಂಕಿ ಕೇಳಿ ಹೆದರಬೇಡಿ, ನಮ್ಮ ಹಿತ್ತಿಲಲ್ಲೇ ಇದೆ. 100 ಗ್ರಾಂ ಹರಿವೆ ಸೊಪ್ಪಿನಲ್ಲಿ ಸುಮಾರು 600, ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ 350, ಒಂದು ಲೋಟ ಸಿಯಾಳದಲ್ಲಿ ಸುಮಾರು 400 ಮಿಲಿಗ್ರಾಂ. ಕೆಸುವಿನೆಲೆ, ಸುವರ್ಣಗಡ್ಡೆ, ಹಲಸು, ಹೆಸರುಕಾಳು ಎಲ್ಲವೂ ಇದರಲ್ಲಿ ಧಾರಾಳಿಗಳು. ಮನೆಗೆ ಬಂದವರಿಗೆ ಆಸ್ರಿಗೆ ಚಹಾದ ಬದಲು ಸಿಯಾಳ ಕೊಟ್ಟರೂ ಆಯಿತು.

ಆದರೆ ಪೊಟ್ಯಾಶಿಯಂ ನೀರಿಗಿಳಿಯುವ ಜಾತಿ. ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಿದರೆ ಅರ್ಧ ಸಾರ ಬಚ್ಚಲಿಗೆ. ಇಲ್ಲಿ ತಂಬುಳಿಯನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಒಂದೆಲಗವನ್ನು ಹಸಿಯಾಗಿಯೋ ತುಸು ಬಾಡಿಸಿಯೋ ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಚೆಲ್ಲುವ ನೀರೇ ಇಲ್ಲ, ಮಜ್ಜಿಗೆಯ ಪೊಟ್ಯಾಶಿಯಂ ಬೇರೆ ಬಂತು. ಹುಳಿ ಇರುವುದರಿಂದ ಕಡಿಮೆ ಉಪ್ಪು ಗೊತ್ತೂ ಆಗುವುದಿಲ್ಲ. ಹರಿವೆ ಪಲ್ಯಕ್ಕೆ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ. ಸೊಪ್ಪು ಬಾಣಲೆ ತುಂಬಿ ಕಾಣುವಾಗ ಉಪ್ಪು ಹಾಕಿದರೆ ಕೈ ತಪ್ಪುತ್ತದೆ. ಅದು ಹಿಡಿಯಷ್ಟು ಇಳಿದ ಮೇಲೆ ಹಾಕಿ.

ಪೊಟ್ಯಾಶಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪೂ ಅಂಗಡಿಯಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಪಾರ್ಶ್ವವಾಯು ಆಗಿತ್ತು, ಉಳಿದವರು ಬಿಪಿ ಇದ್ದ ಅರವತ್ತು ದಾಟಿದವರು.

ಇದನ್ನೆಲ್ಲ ಶುರು ಮಾಡುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಹಳೆಯ ಸಕ್ಕರೆ ಕಾಯಿಲೆಯವರೂ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಶಿಯಂ ಎರಡನ್ನೂ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕೇಳಲಿ. ಪೊಟ್ಯಾಶಿಯಂ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರೆ ಆ ‘ಲೋ ಸೋಡಿಯಂ’ ಉಪ್ಪೂ ಬೇಡ, ದಿನಾ ಸಿಯಾಳವೂ ಬೇಡ. ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಬೇಡಿ ಎಂದು ಮೇಲೆ ಗದರಿದೆನಲ್ಲ, ಅಂಥವರು ಹಾಗೇ ಚೆಲ್ಲಬೇಕು.