ಕಡವೆಗೆ ಅಡ್ಡಕಟ್ಟಿದ ಸೀರೆ

ಬೆಳಿಗ್ಗೆ ಹಿತ್ತಲಿಗೆ ಹೋದರೆ ಅಲಸಂದೆ ಬಳ್ಳಿಯಲ್ಲಿ ಒಂದು ಕುಡಿಯೂ ಇರಲಿಲ್ಲ. ಮೊಲ ಎಂದುಕೊಂಡೆ. ಆಯಿ ಒಂದು ದಂಟನ್ನು ಹಿಡಿದು ತೋರಿಸಿದಳು. ಮೊಲ ತಿಂದರೆ ಕತ್ತಿಯಲ್ಲಿ ಓರೆಯಾಗಿ ಕೊಯ್ದಂತಿರುತ್ತದೆ. ಇಲ್ಲಿ ತುದಿ ಸೀಳಿ ನಾರು ಜೋತಾಡುತ್ತಿತ್ತು. ಕಡವೆಗೆ ದನದಂತೆಯೇ ಮೇಲಿನ ಮುಂಬಲ್ಲುಗಳಿಲ್ಲ, ಕಚ್ಚಿ ಎಳೆದು ಹರಿಯುತ್ತದೆ. ದಾಸವಾಳ ನನ್ನ ಎದೆಯೆತ್ತರದವರೆಗೂ ಬೋಳಾಗಿತ್ತು. ಅಷ್ಟೆತ್ತರಕ್ಕೆ ಕಾಡುಕುರಿಯ, ಅಂದರೆ ಬೊಗಳುವ ಚಿಕ್ಕ ಜಿಂಕೆಯ, ಬಾಯಿ ಎಟುಕುವುದಿಲ್ಲ.

ಶಿರಸಿ ಸೀಮೆಯಲ್ಲಿ ನಮ್ಮ ಹಿತ್ತಲು ಮುಗಿದಲ್ಲಿಂದಲೇ ಕಾನು, ದಟ್ಟ ಕಾಡು. ನಾಲ್ಕು ಅಡಿಯ ಅಡಿಕೆ ದಬ್ಬೆಯ ಬೇಲಿ ಕಡವೆಗೆ ಲೆಕ್ಕವೇ ಅಲ್ಲ. ಕುಮಟೆಯಿಂದ ಹಳೆಯ ಮೀನುಬಲೆ ತರಿಸಿ ಎತ್ತರಕ್ಕೆ ಕಟ್ಟಿದೆ. ಅಗ್ಗ, ನಮ್ಮ ಕಡೆ ಬಹಳ ಜನ ಕಟ್ಟುತ್ತಾರೆ. ಆದರೆ ನಾನು ಅದನ್ನು ಸಡಿಲ ಬಿಟ್ಟಿದ್ದೆ. ಒಂದು ರಾತ್ರಿ ಗಂಡು ಕಡವೆಯ ಕೊಂಬು ಅದಕ್ಕೆ ಸಿಕ್ಕಿಕೊಂಡಿತು. ಟಾರ್ಚ್ ಬಿಟ್ಟರೆ ಎರಡು ಕಣ್ಣು, ಮೇಲೇಳುತ್ತಿದ್ದ ಉಸಿರಿನ ಹಬೆ. ಹತ್ತಿರ ಹೋದರೆ ಒದ್ದು ಕೊಲ್ಲುವಂತಿತ್ತು. ದೋಟಿಗೆ ಕತ್ತಿ ಕಟ್ಟಿ ದೂರದಿಂದಲೇ ಬಲೆ ಕೊಯ್ದೆ. ಕೊಂಬಿನಲ್ಲಿ ಒಂದು ತುಂಡನ್ನು ಹೊತ್ತುಕೊಂಡೇ ಓಡಿತು. ಮರುದಿನವೇ ಬಲೆ ಬಿಚ್ಚಿಹಾಕಿದೆ.

ಕೊಳೆತ ಮೊಟ್ಟೆಯ ನೀರು ಸಿಂಪಡಿಸಲು ಯಾರೋ ಹೇಳಿದರು. ನಮ್ಮ ಮನೆಗೆ ಮೊಟ್ಟೆ ಬರುವ ಮಾತೇ ಇಲ್ಲ. ಬಂದರೂ ಜುಲೈ ಮಳೆಗೆ ಆ ವಾಸನೆ ಎಷ್ಟು ಹೊತ್ತು ನಿಂತೀತು? ಸೌರಬೇಲಿಯೂ ಮಳೆಗಾಲದಲ್ಲಿ ರಗಳೆಯೇ. ತಂತಿಗೆ ಹಸಿ ಬಳ್ಳಿ ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ, ದಿನವೂ ಕಳೆ ಸವರುತ್ತಿರಬೇಕು. ಮನೆಯ ಕರೆಂಟನ್ನೇ ಬೇಲಿಗೆ ಕೊಡುವವರ ಮಾತು ಕೇಳಲೇಬೇಡಿ. ಅದು ಅಪರಾಧ, ಮೊದಲು ಸಾಯುವುದು ಮನೆಯವರೋ ದನವೋ.

ಕೊನೆಗೆ ಕೈಹಿಡಿದದ್ದು ಆಯಿಯ ಹಳೆಯ ಸೀರೆಗಳು. ಕಡವೆ ಎತ್ತರಕ್ಕೆ ಅಷ್ಟಾಗಿ ಹೆದರುವುದಿಲ್ಲ. ಆಚೆ ಕಾಲೂರುವ ಜಾಗ ಕಾಣದಿದ್ದರೆ ಹಾರಲು ಹಿಂದೆಮುಂದೆ ನೋಡುತ್ತದೆ. ಆರು ಅಡಿಯ ಗೂಟ ಹುಗಿದು, ಕಾನಿನ ಕಡೆಗೆ ಸೀರೆಯನ್ನು ಬಿಗಿಯಾಗಿ ಕಟ್ಟಿದೆ. ಅದರಿಂದ ನಾಲ್ಕು ಅಡಿ ಹೊರಗೆ, ಸೊಂಟದೆತ್ತರಕ್ಕೆ ಇನ್ನೊಂದು ಹಗ್ಗ. ಎತ್ತರವನ್ನೂ ಅಗಲವನ್ನೂ ಒಟ್ಟಿಗೆ ದಾಟುವುದು ಅದಕ್ಕೆ ಕಷ್ಟ. ಸೀರೆಯ ಕೆಳಗಿನ ಅಂಚನ್ನು ನೆಲಕ್ಕೆ ತಾಗಿಸಿ ಕಲ್ಲು ಹೇರಬೇಕು, ಅರ್ಧ ಅಡಿ ಸಂದು ಸಿಕ್ಕರೂ ಕಾಡುಕುರಿ ನುಸುಳುತ್ತದೆ. ಹತ್ತಿಯ ಸೀರೆ ಒಂದೇ ಮಳೆಗಾಲಕ್ಕೆ ಲಡ್ಡಾಗುತ್ತದೆ, ನೈಲಾನ್ ಆದರೆ ಎರಡು ವರ್ಷ ತಡೆಯುತ್ತದೆ.

ಕಟ್ಟಿದ ಮೇಲೆ ಬಸಳೆ ಹೋದದ್ದು ಒಂದೇ ಸಲ, ಅದೂ ನಾನೇ ಬೇಲಿಯ ಬಾಗಿಲಿನ ದಣಪೆ ಹಾಕಲು ಮರೆತ ರಾತ್ರಿ. ಬೇಲಿಯ ಹೊರಗೆ ಅರಿಶಿನ ಹಾಕಿದ್ದೇನೆ, ಈವರೆಗೆ ಮುಟ್ಟಿಲ್ಲ. ಈ ಸಲ ಒಂದು ಮೂಲೆಗೆ ಎರಡು ಸೀರೆ ಕಡಿಮೆ ಬಿದ್ದಿವೆ. ಅತ್ತೆಯ ಮನೆಗೆ ಹೇಳಿ ಕಳಿಸಿದ್ದೇನೆ.